ಐದು ಲಕ್ಷದ ಕಾರ್ಡಿನಲ್ಲಿ ಬಿಪಿ ಮಾತ್ರೆ ಇಲ್ಲ

ಪ್ರಶ್ನೆ: ಡಾಕ್ಟರ್ ಮೇಡಂ, ನಾವು ಯಾದಗಿರಿ ಕಡೆಯವರು. ಮುಂಬೈಗೆ ಬಂದು ಹದಿಮೂರು ವರ್ಷ ಆಯ್ತು. ಯಜಮಾನರು ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ನಿಂತು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನಾನು ಮೂರು ಮನೆಯಲ್ಲಿ ಕೆಲಸ ಮಾಡುತ್ತೇನೆ. ಅತ್ತೆಗೆ ಅರವತ್ತೆರಡು ವರ್ಷ, ಬಿಪಿ, ಶುಗರ್ ಎರಡೂ ಇವೆ. ನಾವಿರುವ ಬಸ್ತಿಯ ಹತ್ತಿರ ಒಂದು ಸರ್ಕಾರಿ ದವಾಖಾನೆ ಇದೆ. ಮೊದಲು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಿದ್ದರು. ಈಗ ಐದು ದಿನದ್ದು ಕೊಡುತ್ತಾರೆ. ಕೆಲವು ಸಲ ಚೀಟಿ ಬರೆದು ಹೊರಗೆ ತಗೊಳ್ಳಿ ಅನ್ನುತ್ತಾರೆ. ಒಂದೂವರೆ ವರ್ಷದಲ್ಲಿ ಮೂರು ಡಾಕ್ಟರ್ ಬದಲಾದರು. ದಿಲ್ಲಿಯ ದುಡ್ಡು ನಿಂತಿದೆ, ದವಾಖಾನೆ ಮುಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಒಂದು ಟ್ರಸ್ಟ್‌ನವರು ನಾವೇ ನಡೆಸುತ್ತೇವೆ ಎಂದು ಬಸ್ತಿಯವರ ಸಹಿ ಕೇಳುತ್ತಿದ್ದಾರೆ. ಆಸ್ಪತ್ರೆ ಖರ್ಚಿಗೆ ಸರ್ಕಾರ ಕೊಡುವ ಐದು ಲಕ್ಷದ ಕಾರ್ಡ್ ಮಾಡಿಸಿದರೆ ಸಾಕು, ದವಾಖಾನೆ ಯಾಕೆ ಬೇಕು ಅನ್ನುವವರೂ ಇದ್ದಾರೆ. ನಮ್ಮ ರೇಷನ್ ಕಾರ್ಡ್ ಕರ್ನಾಟಕದ್ದು. ನಾನು ಸಹಿ ಮಾಡಬೇಕಾ? ಅತ್ತೆಯನ್ನು ಊರಿಗೆ ಕಳಿಸಿಬಿಡೋಣ ಅಂತಾರೆ ಯಜಮಾನರು. ಏನು ಮಾಡಲಿ?
(ಮುಂಬೈ ಉಪನಗರದ ಓದುಗರೊಬ್ಬರು, ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ಅತ್ತೆಯವರ ಮಾತ್ರೆಯ ವಿಷಯ ಹೇಳುತ್ತೇನೆ ತಾಯಿ. ದುಡ್ಡಿನ ವಿಷಯ ಆಮೇಲೆ ನೋಡೋಣ.

ಐದು ದಿನದ ಮಾತ್ರೆಯನ್ನು ಹತ್ತು ದಿನಕ್ಕೆ ಎಳೆಯುವುದು ನಮ್ಮ ಜನರಲ್ಲಿ ತುಂಬಾ ಇದೆ. ಅರ್ಧ ಮುರಿದು ನುಂಗುತ್ತಾರೆ, ಇಲ್ಲವೇ ದಿನ ಬಿಟ್ಟು ದಿನ ನುಂಗುತ್ತಾರೆ. ನಾನು ಬಸ್ತಿಯ ಒಂದು ದವಾಖಾನೆಯಲ್ಲಿ ಕೂರುತ್ತಿದ್ದಾಗ ಸೇಡಂ ಕಡೆಯ ಒಬ್ಬ ಅಜ್ಜಿ ಬರುತ್ತಿದ್ದರು. ಅವರಿಗೆ ಮರಾಠಿ ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು 'ಕನ್ನಡದ ಡಾಕ್ಟರ್ ಬಾಯಿ ಅದಾರೇನು?' ಎಂದು ಕೇಳಿಕೊಂಡೇ ಒಳಗೆ ಬರುವವರು. ಕಾಯಿಲೆ, ಮಾತ್ರೆಯ ವಿವರ ಬರೆದುಕೊಡುವ ಕೇಸ್ ಪೇಪರನ್ನು ನಾಲ್ಕು ಮಡಿಕೆ ಮಾಡಿ, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನೊಳಗೆ ಇಟ್ಟುಕೊಂಡಿರುತ್ತಿದ್ದರು. ಒಂದು ದಿನ ಅದನ್ನು ಬಿಚ್ಚುವಾಗ ಬಿಪಿ ಮಾತ್ರೆಯ ಸ್ಟ್ರಿಪ್ಪಿನ ತುಂಡೊಂದು ಮೇಜಿನ ಮೇಲೆ ಬಿತ್ತು. ನಾವು ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದ ಐದು ಮಾತ್ರೆಯ ತುಂಡು ಅದು. ಕೊಟ್ಟು ಹನ್ನೆರಡು ದಿನ ಆಗಿತ್ತು. ಎರಡು ಮಾತ್ರೆ ಇನ್ನೂ ಹಾಗೇ ಇದ್ದವು. 'ತಲಿ ಗಿರ್ರ್ ಅಂದ ದಿನ ಅಷ್ಟ ತಗೋತೀನ್ರಿ, ಮತ್ತ ಸಿಗ್ತಾವೋ ಇಲ್ಲೋ' ಅಂದರು. ಎರಡು ತಿಂಗಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಆ ಸ್ಟ್ರಿಪ್ ಕತ್ತರಿಸಿದ್ದು ನಮ್ಮ ಕತ್ತರಿ. ಅಜ್ಜಿಯದು ತಪ್ಪು ಎಂದು ನಾನು ಯಾವತ್ತೂ ಹೇಳಿಲ್ಲ.

ಬಿಪಿ ಜಾಸ್ತಿ ಇದ್ದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ತಲೆ ತಿರುಗಲಿ ಎಂದು ಕಾಯುವ ಹಾಗಿಲ್ಲ. ಹಾಗಾಗಿ ದವಾಖಾನೆಯಲ್ಲಿ ಮಾತ್ರೆ ಇಲ್ಲ ಅಂದ ದಿನ ಬರಿಗೈಯಲ್ಲಿ ಮನೆಗೆ ಹೋಗಬೇಡಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರು ಬರೆದುಕೊಡಿ ಎಂದು ಕೇಳಿ. ಅದನ್ನು ಜನೌಷಧಿ ಅಂಗಡಿಗೆ ಒಯ್ಯಿರಿ. ಬಿಪಿ, ಶುಗರ್‌ನ ಮಾಮೂಲಿ ಮಾತ್ರೆಗಳು ಅಲ್ಲಿ ಬೇರೆ ಮೆಡಿಕಲ್ ಅಂಗಡಿಗಳಿಗಿಂತ ತುಂಬಾ ಅಗ್ಗ. ಇದು ಈ ತಿಂಗಳ ದಾರಿ ಅಷ್ಟೇ. ಯಾವಾಗಲೂ ಕೈಯಿಂದ ದುಡ್ಡು ಕೊಟ್ಟು ತಗೊಳ್ಳಿ ಎಂದು ನಾನು ಹೇಳುತ್ತಿಲ್ಲ.

ಈಗ ದಿಲ್ಲಿಯ ದುಡ್ಡು. ನಿಂತಿದೆ ಅನ್ನುವುದು ಪೂರ್ತಿ ನಿಜ ಅಲ್ಲ, ಆದರೆ ಸುಮ್ನೆ ಹುಟ್ಟಿದ ಮಾತೂ ಅಲ್ಲ. ಬಸ್ತಿಯ ದವಾಖಾನೆಗೆ ಮೂರು ಕಡೆಯಿಂದ ದುಡ್ಡು ಬರಬಹುದು. ಮುಂಬೈಯಲ್ಲಿ ದೊಡ್ಡ ಪಾಲು ಪಾಲಿಕೆಯ ಸ್ವಂತ ಬಜೆಟ್ಟಿನದು. ಅದು ಈ ಊರಿನ ತೆರಿಗೆ ದುಡ್ಡು. ಆರೋಗ್ಯಕ್ಕೇ ವರ್ಷಕ್ಕೆ ಏಳು ಸಾವಿರ ಕೋಟಿ ರೂಪಾಯಿ ದಾಟಿದೆ. ಆದರೆ ಅದರಲ್ಲಿ ತುಂಬಾ ಭಾಗ ಕೆಇಎಂ, ಸಾಯನ್, ನಾಯರ್‌ನಂಥ ದೊಡ್ಡ ಆಸ್ಪತ್ರೆಗಳಿಗೆ ಬೇಕಾಗುತ್ತದೆ. ಎರಡನೆಯದು ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ, 2013ರಲ್ಲಿ ಶುರುವಾದದ್ದು. ಇದರಲ್ಲಿ ಕೇಂದ್ರ ನೂರಕ್ಕೆ ಅರವತ್ತು, ರಾಜ್ಯ ನಲವತ್ತು ಹಾಕಬೇಕು. ಮೊದಲು ಕೇಂದ್ರದ ಪಾಲು ಎಪ್ಪತ್ತೈದು ಇತ್ತು, 2015-16ರಿಂದ ಇಳಿಯಿತು. ಮೂರನೆಯದು ಹದಿನೈದನೇ ಹಣಕಾಸು ಆಯೋಗದ ಆರೋಗ್ಯ ಅನುದಾನ. ದೇಶದ ಪಾಲಿಕೆ, ಪಂಚಾಯತಿಗಳ ಮಟ್ಟದ ಆರೋಗ್ಯ ಸೇವೆಗೆ ಐದು ವರ್ಷಕ್ಕೆ 70,051 ಕೋಟಿ ರೂಪಾಯಿ ಎಂದು ಆಯೋಗ ಹೇಳಿತ್ತು. ಆ ಐದು ವರ್ಷ 2026ರ ಮಾರ್ಚ್‌ವರೆಗಿನ ಲೆಕ್ಕ. ನಿಮ್ಮ ಬಸ್ತಿಯ ಮಾತು ಹುಟ್ಟಿದ್ದು ಬಹುಶಃ ಇಲ್ಲಿಂದ. ಗಡುವು ಇಟ್ಟು ಕೊಟ್ಟ ದುಡ್ಡಿನಲ್ಲಿ ಬಾಗಿಲು ತೆರೆದ ಕಡೆ, ಗಡುವು ಹತ್ತಿರ ಬಂದಾಗ ಎಲ್ಲರಿಗೂ ದಿಗಿಲು ಆಗುತ್ತದೆ. ನರ್ಸಿನಿಂದ ಕಸ ಗುಡಿಸುವವರವರೆಗೆ ಎಲ್ಲರೂ ನಾಳೆ ಏನು ಎಂದು ಮಾತಾಡಿಕೊಳ್ಳುತ್ತಾರೆ. ಸರದಿಯಲ್ಲಿ ನಿಂತವರ ಕಿವಿಗೆ ಬೀಳುವಷ್ಟರಲ್ಲಿ ಅದು 'ಮುಚ್ಚುತ್ತದಂತೆ' ಆಗಿರುತ್ತದೆ.

ನನ್ನ ಅನುಭವದಲ್ಲಿ ದುಡ್ಡು ನಿಂತದ್ದಕ್ಕಿಂತ ತಡವಾಗಿ ಬಂದದ್ದೇ ಜಾಸ್ತಿ. ಅಭಿಯಾನದ ದುಡ್ಡು ದಿಲ್ಲಿಯಿಂದ ರಾಜ್ಯದ ಖಜಾನೆಗೆ ಬರಬೇಕು. ರಾಜ್ಯ ತನ್ನ ಪಾಲು ಸೇರಿಸಬೇಕು. ಆಮೇಲೆ ಒಂದೇ ಖಾತೆಯ ಮೂಲಕ ಕೆಳಗೆ ಬರಬೇಕು. ಹಿಂದಿನ ಕಂತಿನಲ್ಲಿ ಮುಕ್ಕಾಲು ಪಾಲು ಖರ್ಚಾದ ಲೆಕ್ಕ ತೋರಿಸಿದರೇ ಮುಂದಿನ ಕಂತು. ಲೆಕ್ಕ ಕೇಳುವುದು ಸರಿಯೇ, ನಾನು ಬೇಡ ಅನ್ನುವುದಿಲ್ಲ. ಆದರೆ ಮೇಲಿನ ಕಚೇರಿಯಲ್ಲಿ ಒಂದು ಕಡತ ಎರಡು ತಿಂಗಳು ಕೂತರೆ ಕೆಳಗೆ ಆಗುವುದೇನು? ಸಂಬಳ ತಡ, ಲ್ಯಾಬಿನ ಕಿಟ್ ಇಲ್ಲ, ಮಾರ್ಚ್ ಬಂದಾಗ ಒಟ್ಟಿಗೆ ಖರ್ಚು ಮಾಡುವ ಅವಸರ. ಏಪ್ರಿಲ್‌ನಲ್ಲಿ ಮತ್ತೆ ಖಾಲಿ.

ಡಾಕ್ಟರ್ ಬದಲಾಗುವುದಕ್ಕೂ ಇದೇ ಮೂಲ. ಅಭಿಯಾನದ ದುಡ್ಡಿನಲ್ಲಿ ಬರುವವರನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರಿನ ಮೇಲೆ ತಗೊಳ್ಳುತ್ತಾರೆ. ಹನ್ನೊಂದು ಮುಗಿದರೆ ಮತ್ತೆ ಹೊಸ ಕಾಗದ. ಕಲಿತು ಬಂದ ಹುಡುಗ ಹುಡುಗಿಯರು ಪಿಜಿ ಪರೀಕ್ಷೆಗೆ ಓದುತ್ತಾ ಒಂದು ವರ್ಷ ಕೂರುತ್ತಾರೆ, ಸೀಟು ಸಿಕ್ಕಿದ ಕೂಡಲೇ ಹೋಗುತ್ತಾರೆ. ಅವರನ್ನು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅತ್ತೆಯವರಿಗೆ ಹೋದ ವರ್ಷ ಬಿಪಿ ಎಷ್ಟಿತ್ತು, ಯಾವ ಮಾತ್ರೆ ಒಗ್ಗಲಿಲ್ಲ, ಕಾಲು ಊದಿದ್ದು ಯಾವುದರಿಂದ ಎಂದು ತಿಳಿದ ಮನುಷ್ಯ ಪ್ರತಿ ಸಲ ಎದ್ದು ಹೋಗುತ್ತಾನೆ. ದಿನಾಲೂ ಮಾತ್ರೆ ಬೇಕಾಗುವ ಕಾಯಿಲೆಗೆ ಇದು ಮಾಡುವ ನಷ್ಟ ದೊಡ್ಡದು. ಅದಕ್ಕೇ ಕೇಸ್ ಪೇಪರ್ ಜೋಪಾನ ಮಾಡಿ. ಪ್ರತಿ ಸಲ ಅದರ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಮಾತ್ರೆ ಸಿಗದೇ ಇರುವುದಕ್ಕೆ ಟೆಂಡರ್ ತಡ, ಸರಬರಾಜು ಮಾಡುವವರ ಬಾಕಿ ಎಂದೆಲ್ಲಾ ಕಾರಣ ಕೇಳುತ್ತೀರಿ. ಅವು ಇವೆ. ಆದರೆ ಜನರಿಗೆ ಗೊತ್ತಿಲ್ಲದ ಇನ್ನೊಂದು ಕಾರಣ ಇದೆ. ಮುಂದಿನ ವರ್ಷಕ್ಕೆ ಎಷ್ಟು ಮಾತ್ರೆ ಬೇಕು ಅನ್ನುವುದನ್ನು ಹೋದ ವರ್ಷ ಎಷ್ಟು ಕೊಟ್ಟೆವು ಅನ್ನುವುದರಿಂದಲೇ ಲೆಕ್ಕ ಹಾಕುತ್ತಾರೆ. ಮಾತ್ರೆ ಇಲ್ಲದ ದಿನ ವಾಪಸ್ ಹೋದ ನಲವತ್ತು ಜನ ಆ ರಿಜಿಸ್ಟರಿನಲ್ಲಿ ಇರುವುದೇ ಇಲ್ಲ. ಮೂವತ್ತರ ಬದಲು ಐದು ಕೊಟ್ಟರೆ, ಅಲ್ಲಿ ಬರುವ ಅಂಕೆ ಐದೇ. ಹೀಗೆ ಕೊರತೆಯೇ ಮುಂದಿನ ವರ್ಷದ ಬೇಡಿಕೆಯನ್ನು ಕಮ್ಮಿ ಮಾಡಿ ತೋರಿಸುತ್ತದೆ. ಸ್ಟೋರಿನಲ್ಲಿ ಕೂತು ಈ ಲೆಕ್ಕ ತುಂಬಿದವಳು ನಾನು, ಗೊತ್ತಿದ್ದೇ ಹೇಳುತ್ತಿದ್ದೇನೆ. ಆದ್ದರಿಂದ ಮಾತ್ರೆ ಇಲ್ಲ ಅಂದಾಗ ಕೇಸ್ ಪೇಪರಿನ ಮೇಲೆ 'ಔಷಧಿ ಲಭ್ಯವಿಲ್ಲ' ಎಂದು ಬರೆದು ಸಹಿ ಹಾಕಿಕೊಡಿ ಎಂದು ಮೆಲ್ಲಗೆ, ಮರ್ಯಾದೆಯಿಂದ ಕೇಳಿ. ಜಗಳ ಬೇಡ. ಕೌಂಟರಿನ ಹಿಂದೆ ಇರುವ ಹುಡುಗಿ ಮಾತ್ರೆ ಬಚ್ಚಿಟ್ಟುಕೊಂಡಿಲ್ಲ.

ಬಿಪಿಗೆ ತಿಂಗಳ ಮಾತ್ರೆ ಒಟ್ಟಿಗೆ ಕೊಡಬೇಕು ಅನ್ನುವುದು ದೊಡ್ಡ ಬೇಡಿಕೆಯೇನಲ್ಲ. 2017ರ ಕೊನೆಗೆ ಐದು ರಾಜ್ಯಗಳಲ್ಲಿ ಶುರುವಾದ ಭಾರತೀಯ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಪಾಠವೇ ಅದು. ಆ ಐದರಲ್ಲಿ ಮಹಾರಾಷ್ಟ್ರವೂ ಇತ್ತು. ಕೆಲವೇ ಮಾತ್ರೆ, ಎಲ್ಲರಿಗೂ ಒಂದೇ ಕ್ರಮ, ಮೂವತ್ತು ದಿನದ್ದು ಒಟ್ಟಿಗೆ, ಬಾರದವರಿಗೆ ಒಂದು ಫೋನ್. ಕೂಲಿ ಬಿಟ್ಟು ತಿಂಗಳಿಗೆ ಆರು ಸಲ ಸರದಿಯಲ್ಲಿ ನಿಲ್ಲಲು ಯಾರಿಗೆ ಆಗುತ್ತದೆ ಹೇಳಿ?

ಐದು ಲಕ್ಷದ ಕಾರ್ಡಿನ ಮಾತಿಗೆ ಬರೋಣ. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಆಯುಷ್ಮಾನ್ ಭಾರತದ ಕಾರ್ಡ್ ಇರಲಿ, ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇರಲಿ, ಎರಡೂ ಆಸ್ಪತ್ರೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ. ಹೃದಯದ ಆಪರೇಷನ್ನು, ಕ್ಯಾನ್ಸರ್, ಡಯಾಲಿಸಿಸ್ ಬಂದಾಗ ಆ ಕಾರ್ಡ್ ಮನೆ ಮಾರುವುದನ್ನು ತಪ್ಪಿಸುತ್ತದೆ. ಖಂಡಿತ ಮಾಡಿಸಿ. ಆದರೆ ದಿನಾ ನುಂಗುವ ಬಿಪಿ ಮಾತ್ರೆ, ತಿಂಗಳ ಶುಗರ್ ಪರೀಕ್ಷೆ, ಜ್ವರಕ್ಕೆ ಡಾಕ್ಟರ್ ನೋಡುವುದು, ಇವು ಅದರಲ್ಲಿ ಇಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಆಸ್ಪತ್ರೆಗೆ ಸೇರುವ ಮೂರು ದಿನ ಮೊದಲಿನ ಖರ್ಚು, ಬಿಟ್ಟ ಮೇಲೆ ಹದಿನೈದು ದಿನದ ಔಷಧಿ ಸಿಗುತ್ತದೆ. ಹದಿನಾರನೇ ದಿನ ಮತ್ತೆ ಬಸ್ತಿಯ ದವಾಖಾನೆಯ ಸರದಿಯೇ. ಸೇಡಂನ ಆ ಅಜ್ಜಿಗೆ ಲಕ್ವಾ ಆದಮೇಲೆ ಕಾರ್ಡ್ ಉಪಯೋಗಕ್ಕೆ ಬರಬಹುದಿತ್ತು. ಲಕ್ವಾ ಆಗದಂತೆ ತಡೆಯಲು ಬೇಕಿದ್ದದ್ದು ಕತ್ತರಿಸದ ಒಂದು ಸ್ಟ್ರಿಪ್. ದವಾಖಾನೆ ಹೋಗಿ ಕಾರ್ಡ್ ಉಳಿದರೆ, ಕಾಯಿಲೆ ಬಲಿತ ಮೇಲೆ ಮಾತ್ರ ನಿಮ್ಮ ಪಾಲಿಗೆ ಸರ್ಕಾರದ ದುಡ್ಡು ಬರುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೇ ಆರೋಗ್ಯದ ದುಡ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಪ್ರಾಥಮಿಕ ಆರೈಕೆಗೆ ಹೋಗಬೇಕು ಎಂದು ಬರೆದಿದ್ದಾರೆ. ನಿಮ್ಮ ದವಾಖಾನೆಯ ಪರವಾಗಿ ಮಾತಾಡುವಾಗ ಇದನ್ನು ಧೈರ್ಯವಾಗಿ ಹೇಳಬಹುದು.

ರೇಷನ್ ಕಾರ್ಡ್ ಕರ್ನಾಟಕದ್ದು ಎಂದು ಬಸ್ತಿಯ ದವಾಖಾನೆಗೆ ಹೋಗಲು ಹಿಂಜರಿಯಬೇಡಿ. ಅಲ್ಲಿ ಕೇಸ್ ಪೇಪರ್ ಮಾಡಿಸಲು ಯಾವ ರಾಜ್ಯದವರು ಎಂಬುದು ಅಡ್ಡ ಬರಬಾರದು. ಮಕ್ಕಳ ಲಸಿಕೆ, ಟಿಬಿ ಔಷಧಿ ಯಾವ ಊರಿನವರಿಗೂ ಉಚಿತ. ಟಿಬಿ ರೋಗಿಗೆ ಆಹಾರಕ್ಕೆಂದು ತಿಂಗಳಿಗೆ ಕೊಡುವ ಹಣವೂ ಅಷ್ಟೇ, 2024ರ ನವೆಂಬರ್‌ನಿಂದ ಅದು ಒಂದು ಸಾವಿರ ರೂಪಾಯಿ ಆಗಿದೆ. ತೊಡಕು ಇರುವುದು ದೊಡ್ಡ ಚಿಕಿತ್ಸೆಯ ಯೋಜನೆಯಲ್ಲಿ. ಒಂದು ದೇಶ ಒಂದು ರೇಷನ್ ಕಾರ್ಡಿನಿಂದ ಇಲ್ಲಿ ಅಕ್ಕಿ ಗೋಧಿ ಸಿಗುತ್ತದೆ, ಆದರೆ ಅದನ್ನೇ ತೋರಿಸಿದರೆ ಫುಲೆ ಯೋಜನೆ ಸಿಗುವುದಿಲ್ಲ. ಅದಕ್ಕೆ ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ವಾಸದ ಪ್ರಮಾಣಪತ್ರ ಕೇಳುತ್ತಾರೆ.

ನಿಮ್ಮ ಮನೆಗೆ ಇನ್ನೊಂದು ಬಾಗಿಲು ಇದೆ. ಯಜಮಾನರು ಕಟ್ಟಡ ಕೆಲಸದವರು ಅಲ್ವಾ? ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕೆಲಸ ಮಾಡಿದವರು, ಹದಿನೆಂಟರಿಂದ ಅರವತ್ತು ವರ್ಷದೊಳಗಿನವರು, ಮಹಾರಾಷ್ಟ್ರ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ನೋಂದಣಿ ಚಾಲ್ತಿಯಲ್ಲಿರುವ ಕಾರ್ಮಿಕರನ್ನು ಫುಲೆ ಯೋಜನೆಯಲ್ಲಿ ಸೇರಿಸಿಕೊಂಡಿದ್ದಾರೆ. ತೊಂಬತ್ತು ದಿನದ ಪತ್ರ ಪಡೆಯುವುದೇ ಕಷ್ಟದ ಕೆಲಸ, ಒಪ್ಪುತ್ತೇನೆ. ನಾಕಾದ ಕೂಲಿಗೆ ದಿನಾ ಒಬ್ಬ ಮಾಲೀಕ, ಯಾರು ಸಹಿ ಹಾಕುತ್ತಾರೆ? ಕಾರ್ಮಿಕ ಸಂಘಟನೆಯವರನ್ನು ಕಂಡರೆ ದಾರಿ ತೋರಿಸುತ್ತಾರೆ. ಏಜೆಂಟರ ಕೈಗೆ ಮಾತ್ರ ಆಧಾರ್ ಕಾರ್ಡ್ ಕೊಡಬೇಡಿ. ಊರಿನಲ್ಲಿ ನಿಮ್ಮ ಹೆಸರು ಆಯುಷ್ಮಾನ್ ಪಟ್ಟಿಯಲ್ಲಿ ಇದ್ದರೆ ಆ ಕಾರ್ಡ್ ಇಲ್ಲಿನ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ವಿಚಾರಿಸಿಕೊಂಡು ಬನ್ನಿ.

ಇನ್ನು ಟ್ರಸ್ಟಿನ ಸಹಿ. ಟ್ರಸ್ಟ್ ಅಂದ ಕೂಡಲೇ ಮೋಸ ಎಂದು ನಾನು ತಿಳಿದವಳಲ್ಲ. ಸರ್ಕಾರ ಕಾಲಿಡದ ಕಡೆ ಹತ್ತಾರು ವರ್ಷ ದುಡಿದ ಸಂಸ್ಥೆಗಳ ಜೊತೆ ನಾನೂ ಕೆಲಸ ಮಾಡಿದ್ದೇನೆ. ಅವರು ಬಂದರೆ ಗೋಡೆಗೆ ಬಣ್ಣ ಆಗುತ್ತದೆ, ಸರದಿ ಚೊಕ್ಕ ಆಗುತ್ತದೆ, ಡಾಕ್ಟರ್ ಸಮಯಕ್ಕೆ ಬರುತ್ತಾರೆ. ಅಪಾಯ ಇರುವುದು ಅವರ ದುಡ್ಡಿಗೂ ಗಡುವು ಇರುವುದರಲ್ಲಿ. ಯಾವುದೋ ಕಂಪನಿ ಮೂರು ವರ್ಷಕ್ಕೆ ಕೊಟ್ಟಿರುತ್ತದೆ. ನಾಲ್ಕನೇ ವರ್ಷ ಅವರು ಹೋದರೆ, ನಾವು ಆಗಲೇ ಬಿಟ್ಟುಕೊಟ್ಟಿದ್ದೇವಲ್ಲ ಎಂದು ಸರ್ಕಾರ ಕೈ ತೊಳೆದುಕೊಳ್ಳಬಹುದು. ಹೀಗೆ ಬೀಗ ಬಿದ್ದ ಬಾಗಿಲನ್ನು ಕಣ್ಣಾರೆ ಕಂಡಿದ್ದೇನೆ.

ಮುಂಬೈಯ ಹಳೆಯ ಕಥೆಯೊಂದು ಇಲ್ಲಿ ನೆನಪಾಗುತ್ತದೆ. ಬಸ್ತಿಗಳ ಹತ್ತಿರ ಇರುವ ಹೆಲ್ತ್ ಪೋಸ್ಟ್ ಎಂಬ ಸಣ್ಣ ಆರೋಗ್ಯ ಕೇಂದ್ರಗಳು ಬೆಳೆದದ್ದು 1980ರ ದಶಕದಲ್ಲಿ. ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದು 1988ರಿಂದ ಅವಕ್ಕೆ ಬಲ ಕೊಟ್ಟಿತು. ಆ ನೆರವು ಮುಗಿದ ಮೇಲೂ ಅವು ಉಳಿದವು, ಏಕೆಂದರೆ ಪಾಲಿಕೆ ಅವನ್ನು ತನ್ನ ಖರ್ಚಿಗೆ ಹಾಕಿಕೊಂಡಿತು. ಹೊರಗಿನ ದುಡ್ಡು ಬರಲಿ, ತಪ್ಪಿಲ್ಲ. ಅದು ಹೋದ ದಿನ ಯಾರು ಹೊರುತ್ತಾರೆ ಅನ್ನುವುದು ಕಾಗದದ ಮೇಲೆ ಇರಬೇಕು.

ಸಹಿ ಮಾಡುವ ಮೊದಲು ಆ ಕಾಗದ ಪೂರ್ತಿ ಓದಿಸಿಕೊಳ್ಳಿ. 'ಪಾಲಿಕೆಯ ಜೊತೆ' ಎಂದಿದೆಯಾ, 'ಪಾಲಿಕೆಯ ಬದಲು' ಎಂದಿದೆಯಾ ನೋಡಿ. ಬದಲು ಅಂತಿದ್ದರೆ ನಾನಾಗಿದ್ದರೆ ಸಹಿ ಮಾಡುತ್ತಿರಲಿಲ್ಲ. ಎಷ್ಟು ವರ್ಷ ಇರುತ್ತಾರೆ, ಮಾತ್ರೆಯ ಖರ್ಚು ಯಾರದು, ಮುಂದೆ ಫೀಸು ಹಾಕುತ್ತಾರಾ ಎಂದು ಎಲ್ಲರ ಮುಂದೆ ಕೇಳಿ. ಅವರದೇ ದೊಡ್ಡ ಆಸ್ಪತ್ರೆ ಇದ್ದರೆ ಇನ್ನೊಂದು ಮಾತು ಕೇಳಿ. ಮಹಾರಾಷ್ಟ್ರದಲ್ಲಿ ಧರ್ಮಾರ್ಥ ಟ್ರಸ್ಟಿನ ಆಸ್ಪತ್ರೆಗಳು ನೂರಕ್ಕೆ ಹತ್ತು ಹಾಸಿಗೆ ತೀರ ಬಡವರಿಗೆ ಉಚಿತವಾಗಿ, ಇನ್ನು ಹತ್ತು ಕಮ್ಮಿ ಆದಾಯದವರಿಗೆ ರಿಯಾಯಿತಿಯಲ್ಲಿ ಕೊಡಲೇಬೇಕು. ಬಸ್ತಿಯಿಂದ ಕಳಿಸಿದ ರೋಗಿಗೆ ಆ ಹಾಸಿಗೆ ಕೊಡುತ್ತೀರಾ ಎಂದು ಕೇಳಿ, ಉತ್ತರ ಹೇಗೆ ಬರುತ್ತದೆ ನೋಡಿ.

ಸಹಿ ಮಾಡದಿದ್ದರೆ ಸುಮ್ನೆ ಕೂರಬೇಕಾ? ಇಲ್ಲ. ಅಭಿಯಾನದ ನಿಯಮದಲ್ಲಿ ಐವತ್ತರಿಂದ ನೂರು ಮನೆಗೆ ಒಂದು ಮಹಿಳಾ ಆರೋಗ್ಯ ಸಮಿತಿ ಎಂದಿದೆ. ಅದಕ್ಕೆ ವರ್ಷಕ್ಕೆ ಐದು ಸಾವಿರ ರೂಪಾಯಿ. ದುಡ್ಡು ಸಣ್ಣದು, ಆದರೆ ಸಮಿತಿಯ ಮಾತಿಗೆ ಕಚೇರಿಯಲ್ಲಿ ಬೆಲೆ ಇದೆ. ನಿಮ್ಮ ಕಡೆ ಸಮಿತಿ ಇದೆಯಾ ಎಂದು ಮನೆ ಮನೆಗೆ ಬರುವ ಆರೋಗ್ಯ ಸೇವಿಕೆಯನ್ನು ಕೇಳಿ. ನಾಲ್ಕು ಹೆಂಗಸರು ಸೇರಿ 'ಔಷಧಿ ಲಭ್ಯವಿಲ್ಲ' ಎಂದು ಬರೆದ ಇಪ್ಪತ್ತು ಕೇಸ್ ಪೇಪರಿನ ನಕಲು ಹಿಡಿದು ವಾರ್ಡಿನ ಆರೋಗ್ಯ ಅಧಿಕಾರಿಯ ಹತ್ತಿರ ಹೋಗಿ. ಆಗಲೂ ಆಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಇದೆ. ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ತುಂಬಿವೆ, ಎರಡು ವರ್ಷದಲ್ಲಿ ಯಾವ ಅನುದಾನ ಎಷ್ಟು ಬಂತು, ಬಿಪಿ ಮಾತ್ರೆಯ ದಾಸ್ತಾನು ಯಾವ ತಿಂಗಳು ಸೊನ್ನೆ ಆಗಿತ್ತು. ಇಷ್ಟು ಕೇಳಿದರೆ ಸಾಕು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಮರಾಠಿಯಲ್ಲಿ ಬರೆಯಲು ಶಾಲೆಗೆ ಹೋಗುವ ಮಕ್ಕಳನ್ನು ಕೂರಿಸಿಕೊಳ್ಳಿ.

ಜನಗಣತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಗರದ ಪ್ರಾಥಮಿಕ ಆರೋಗ್ಯ ಕೇಂದ್ರ ಐವತ್ತು ಸಾವಿರ ಜನಕ್ಕೆ ಒಂದು ಎಂದು ಲೆಕ್ಕ. ಯಾವ ಐವತ್ತು ಸಾವಿರ? ಇಷ್ಟು ವರ್ಷ ಕೈಯಲ್ಲಿದ್ದದ್ದು 2011ರ ಜನಗಣತಿ. ನೀವು ಮುಂಬೈಗೆ ಬಂದದ್ದೇ ಅದಾದ ಮೇಲೆ. ನಿಮ್ಮ ಮನೆಯವರು, ನಿಮ್ಮ ಹಿಂದೆ ಬಂದ ಗಲ್ಲಿಯವರು, ಯಾರೂ ಆ ಲೆಕ್ಕದಲ್ಲಿ ಇಲ್ಲ. ಮಾತ್ರೆ ಮಾತ್ರ ಎಲ್ಲರಿಗೂ ಹಂಚಬೇಕು. ಮುಂದಿನ ಜನಗಣತಿ 2027ರದ್ದು. ನಮ್ಮವರು 'ನಮ್ಮ ಹೆಸರು ಊರಲ್ಲಿ ಬರೆಸ್ತೀವಿ, ಇಲ್ಲಿ ಬೇಡ್ರಿ' ಅನ್ನುವುದನ್ನು ಬೇಕಾದಷ್ಟು ಕೇಳಿದ್ದೇನೆ. ರೇಷನ್ ಕಾರ್ಡ್ ಎಲ್ಲಿಯದು ಎಂದು ಜನಗಣತಿ ನೋಡುವುದಿಲ್ಲ, ನೀವು ಎಲ್ಲಿ ವಾಸ ಇದ್ದೀರಿ ಎಂದು ನೋಡುತ್ತದೆ. ಇಲ್ಲಿ ಬರೆಸಿದರೆ ಊರಿನ ಹೊಲ, ಊರಿನ ಓಟು ಹೋಗುವುದಿಲ್ಲ. ಬರೆದುಕೊಳ್ಳಲು ಬಂದ ದಿನ ಮನೆಯಲ್ಲಿ ಒಬ್ಬರಾದರೂ ಇರಿ.

ಕೊನೆಗೆ ಅತ್ತೆಯವರನ್ನು ಊರಿಗೆ ಕಳಿಸುವ ಮಾತು. ಅಲ್ಲಿ ನೋಡಿಕೊಳ್ಳುವವರು ಇದ್ದು, ಅವರಿಗೂ ಮನಸ್ಸಿದ್ದರೆ ಕಳಿಸಿ. ಮಾತ್ರೆಯ ಸಲುವಾಗಿ ಮಾತ್ರ ಕಳಿಸಬೇಡಿ. ಅಲ್ಲಿನ ಆರೋಗ್ಯ ಕೇಂದ್ರ ಊರಿನಿಂದ ಎಷ್ಟು ದೂರ, ಬಸ್ಸು ಇದೆಯಾ, ಮೊದಲು ವಿಚಾರಿಸಿ. ಕಳಿಸುವುದೇ ಆದರೆ ಕೈಯಲ್ಲಿ ಒಂದು ತಿಂಗಳ ಮಾತ್ರೆ, ಇಲ್ಲಿನ ಕೇಸ್ ಪೇಪರಿನ ನಕಲು, ಕೊನೆಯ ಬಿಪಿ ಮತ್ತು ಶುಗರಿನ ಅಂಕೆ ಬರೆದ ಚೀಟಿ ಕೊಡಿ. ರೈಲಿನಲ್ಲಿ ರಾತ್ರಿ ಪ್ರಯಾಣ ಎಂದು ಆ ದಿನದ ಮಾತ್ರೆ ತಪ್ಪಿಸುವುದು ಬೇಡ. ಇಲ್ಲೇ ಇರುತ್ತಾರೆ ಅಂದರೆ, ಸಂಜೆ ಕೆಲಸದಿಂದ ಬಂದಮೇಲೆ ಕರೆದುಕೊಂಡು ಹೋಗಲು ಪಾಲಿಕೆಯ 'ಆಪ್ಲಾ ದವಾಖಾನಾ'ಗಳು ಹಲವು ಕಡೆ ರಾತ್ರಿ ಹತ್ತರವರೆಗೆ ತೆರೆದಿರುತ್ತವೆ. ನಿಮ್ಮ ಹತ್ತಿರದ್ದರ ಸಮಯ ಕೇಳಿಕೊಳ್ಳಿ. ಮೊದಲ ಎರಡು ಸಲ ನೀವೂ ಜೊತೆಗೆ ಹೋಗಿ. ಅತ್ತೆ ಕನ್ನಡದಲ್ಲಿ ಹೇಳಿದ್ದನ್ನು ಡಾಕ್ಟರಿಗೆ ತಿಳಿಯುವ ಹಾಗೆ ಹೇಳಲು ಅಲ್ಲಿ ಒಬ್ಬರು ಬೇಕು.